ಸಗಣಿಯಲ್ಲಿ ಮೊಟ್ಟೆ ಕಡಿಮೆ, ಆದರೂ ಹಾಲು ಇಳಿದಿದೆ: ಜಂತುಹುಳುವೇ ಕಾರಣವೇ? ಯಾವ ತಳಿಗೆ ಪೆಟ್ಟು ಹೆಚ್ಚು?

ಕೊಟ್ಟಿಗೆ_ಲೆಕ್ಕ

ಮಂದೆಯಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಜೆರ್ಸಿ ಮಿಶ್ರತಳಿ, ನಾಟಿ ಹಸು ಮೂರೂ ಇವೆ. ಹಗಲು ಸ್ವಲ್ಪ ಹೊತ್ತು ಬಯಲಲ್ಲಿ ಮೇಯುತ್ತವೆ, ಉಳಿದಂತೆ ಕೊಟ್ಟಿಗೆಯಲ್ಲೇ ಕೊಯ್ದು ತಂದ ಹಸಿ ಹುಲ್ಲು, ಒಣ ಮೇವು, ಹಿಂಡಿ. ಮಳೆ ಹಿಡಿದ ಮೇಲೆ ಎಚ್‌ಎಫ್ ಹಸುಗಳಲ್ಲಿ, ಅದರಲ್ಲೂ ಮೊದಲ ಸೂಲಿನವುಗಳಲ್ಲಿ, ಹಾಲು ಮೆಲ್ಲಗೆ ಇಳಿಯುತ್ತಿದೆ. ಭೇದಿ ಇಲ್ಲ, ಜ್ವರ ಇಲ್ಲ. ಹಿಂಡಿ ಮುಗಿಸುತ್ತವೆ, ಗೋದಲಿಯಲ್ಲಿ ಹುಲ್ಲು ಮಾತ್ರ ಉಳಿಯುತ್ತಿದೆ. ಕೆಚ್ಚಲು ಬಾವಿಗೆ ಸಿಎಂಟಿ (ಹಾಲಿನ ಪರೀಕ್ಷೆ) ಮಾಡಿಸಿದರೆ ಏನೂ ಸಿಗಲಿಲ್ಲ. ಸಗಣಿ ಪರೀಕ್ಷೆಯ ವರದಿಯಲ್ಲಿ ಗ್ರಾಂಗೆ 100ರಿಂದ 150 ಮೊಟ್ಟೆ, "ಸೋಂಕು ಅಲ್ಪ, ಔಷಧಿ ಬೇಡ" ಎಂದಿದೆ.

ಇಷ್ಟು ಕಡಿಮೆ ಹುಳುವಿಗೆ ಹಾಲು ಇಳಿಯುತ್ತದೆಯೇ? ನಾಟಿ ಹಸುಗಳಲ್ಲಿ ವ್ಯತ್ಯಾಸ ಕಾಣದಿರುವುದಕ್ಕೆ ತಳಿಯೇ ಕಾರಣವೇ? ಔಷಧಿ ಹಾಕುವುದಾದರೆ ಕರೆಯುತ್ತಿರುವ ಹಸುವಿಗೆ ಯಾವುದನ್ನು ಹಾಕಬಹುದು?

---

ನಾಲ್ಕನೇಹೊಟ್ಟೆ

ಇಳಿಯುತ್ತದೆ. ಆದರೆ ಮೊದಲು ಸಹಜ ಇಳಿಕೆಯನ್ನು ಲೆಕ್ಕದಿಂದ ಕಳೆಯಿರಿ. ಹಾಲು ತುದಿ ಮುಟ್ಟಿದ ಮೇಲೆ ತಿಂಗಳಿಗೆ ಸುಮಾರು 8–10% ಕಡಿಮೆಯಾಗುವುದು ಮಾಮೂಲು, ಮೊದಲ ಸೂಲಿನ ಹಸುವಿನಲ್ಲಿ ಅದು 5–6% ಇರುತ್ತದೆ. ನಿಮ್ಮ ಮೊದಲ ಸೂಲಿನವು ಇದಕ್ಕಿಂತ ಜೋರಾಗಿ ಇಳಿಯುತ್ತಿದ್ದರೆ ಕಾರಣ ಹುಡುಕಲೇಬೇಕು. ನೀವು ಕೊಟ್ಟ ಸುಳಿವುಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೊಟ್ಟೆಯ ಸಂಖ್ಯೆಯಲ್ಲ, ಗೋದಲಿಯಲ್ಲಿ ಉಳಿದ ಹುಲ್ಲು.

ಬೆಳೆದ ಹಸುವಿನಲ್ಲಿ ಹುಳು ಹಾಲನ್ನು ಇಳಿಸುವುದು ಬಹುಮಟ್ಟಿಗೆ ಹಸಿವನ್ನು ಕಡಿಮೆ ಮಾಡಿ. ಆಸ್ಟರ್ಟೇಜಿಯಾ ಎಂಬ ದುಂಡು ಹುಳುವಿನ ಲಾರ್ವಾ (ಮರಿಹುಳು) ನಾಲ್ಕನೇ ಹೊಟ್ಟೆಯ ಗ್ರಂಥಿಗಳೊಳಗೆ ಹೊಕ್ಕು ಸುಮಾರು ಮೂರು ವಾರ ಅಲ್ಲೇ ಬೆಳೆಯುತ್ತದೆ. ಹೊರಬರುವಾಗ ಆಮ್ಲ ತಯಾರಿಸುವ ಕೋಶಗಳು ಹಾಳಾಗುತ್ತವೆ. ಸಾಮಾನ್ಯವಾಗಿ 2ರ ಆಸುಪಾಸಿನಲ್ಲಿರುವ ಪಿಎಚ್, ಸೋಂಕು ತೀವ್ರವಾದಾಗ 7ರ ಹತ್ತಿರಕ್ಕೂ ಏರಬಹುದು. ಆಮ್ಲವಿಲ್ಲದೆ ಪೆಪ್ಸಿನೋಜೆನ್ ಪೆಪ್ಸಿನ್ ಆಗುವುದಿಲ್ಲ, ಪ್ರೋಟೀನ್ ಸರಿಯಾಗಿ ಒಡೆಯುವುದಿಲ್ಲ, ಜೊತೆಗೆ ಸಡಿಲವಾದ ಹೊಟ್ಟೆಯ ಗೋಡೆಯಿಂದ ರಕ್ತದ ಪ್ರೋಟೀನ್ ಒಳಕ್ಕೆ ಸೋರುತ್ತದೆ. ಆಮ್ಲದ ಕೊರತೆ ನೀಗಿಸಲು ದೇಹ ಗ್ಯಾಸ್ಟ್ರಿನ್ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಹೆಚ್ಚಾದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ಹಸು ಮೇವು ಬಿಡುತ್ತದೆ.

ಈಗ ಲೆಕ್ಕ ನೋಡಿ. ಒಂದು ಕೆಜಿ ಒಣಾಂಶ (ಮೇವಿನಲ್ಲಿ ನೀರು ಕಳೆದು ಉಳಿದ ಭಾಗ) ಕಡಿಮೆ ತಿಂದರೆ ಸುಮಾರು 2 ಕೆಜಿ ಹಾಲಿಗೆ ಬೇಕಾದ ಶಕ್ತಿ ಹೋಯಿತು. ಕಾಲು ಕೆಜಿ ಒಣಾಂಶ ಬಿಟ್ಟರೆ ಯಾರ ಕಣ್ಣಿಗೂ ಕಾಣುವುದಿಲ್ಲ, ಆದರೆ ಅಷ್ಟರಲ್ಲೇ ಅರ್ಧ ಕೆಜಿ ಹಾಲು ಹೋಗಿರುತ್ತದೆ. ಲೋಕದ ಬೇರೆಬೇರೆ ಕಡೆ ನಡೆದ ಪ್ರಯೋಗಗಳೂ ಇದೇ ಗಾತ್ರವನ್ನು ತೋರಿಸುತ್ತವೆ. 80ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ 1999ರ ಸಮೀಕ್ಷೆಯಲ್ಲಿ ಜಂತುನಾಶಕ ಕೊಟ್ಟ ಹಸುಗಳ ಹಾಲು ದಿನಕ್ಕೆ ಸುಮಾರು 0.63 ಕೆಜಿ ಹೆಚ್ಚಿತ್ತು. 2004ರ ಇನ್ನೂ ಬಿಗಿಯಾದ ವಿಶ್ಲೇಷಣೆಯಲ್ಲಿ ಅದು ಸುಮಾರು 0.35 ಕೆಜಿಗೆ ಇಳಿಯಿತು. ಹಾಗಾಗಿ ಔಷಧಿ ಹಾಕಿದ ಮೇಲೆ ಮೂರು ಲೀಟರ್ ಏರಿತು ಎಂದು ಯಾರಾದರೂ ಹೇಳಿದರೆ, ಅಲ್ಲಿ ಮೇವೂ ಬದಲಾಗಿತ್ತೇ ಎಂದು ಕೇಳಿ ನೋಡಿ.

ತಳಿಯ ವಿಷಯ. ಜಂತುಹುಳು ತಗಲದ ತಳಿ ಎಂಬುದಿಲ್ಲ. ನಾಟಿ ಹಸುವಿನಂಥ ಡುಬ್ಬದ ತಳಿಗಳ ಸಗಣಿಯಲ್ಲಿ ಸರಾಸರಿ ಮೊಟ್ಟೆ ಕಡಿಮೆ ಇರುತ್ತದೆ ನಿಜ, ಆದರೆ ಒಂದೇ ತಳಿಯೊಳಗೆ ಹಸುವಿಂದ ಹಸುವಿಗೆ ಇರುವ ವ್ಯತ್ಯಾಸವೂ ದೊಡ್ಡದು. ಎಚ್‌ಎಫ್‌ಗೆ ಪೆಟ್ಟು ಹೆಚ್ಚು ಕಾಣುವುದು ಅದರ ಹಾಲಿನ ಮಟ್ಟದಿಂದ. ತುದಿಯ ಹಾಲಿನಲ್ಲಿರುವ ಹಸು ಎಷ್ಟು ತಿಂದರೂ ಸಾಲದ ಸ್ಥಿತಿಯಲ್ಲಿರುತ್ತದೆ, ಆಗ ಹಸಿವಿನಲ್ಲಿ ಆದ ಸಣ್ಣ ಕಡಿತವೂ ನೇರ ಹಾಲಿಗೆ ಬೀಳುತ್ತದೆ. ದಿನಕ್ಕೆ 4 ಲೀಟರ್ ಕೊಡುವ ನಾಟಿ ಹಸು ಅದೇ ಕಡಿತವನ್ನು ಮೈಯಿಂದ ತುಂಬಿಸಿಕೊಂಡು ಹಾಲು ನಿಲ್ಲಿಸಿಕೊಳ್ಳಬಲ್ಲದು, ಅದರ ನಷ್ಟ ಮೈ ಇಳಿಯುವುದರಲ್ಲಿ, ಬೆದೆ ತಡವಾಗುವುದರಲ್ಲಿ ಕಾಣುತ್ತದೆ. ಮೊದಲ ಸೂಲಿನವುಗಳದ್ದು ಎರಡು ಹೊರೆ: ಅವು ಇನ್ನೂ ಬೆಳೆಯುತ್ತಿವೆ, ಹುಳುವಿನ ವಿರುದ್ಧದ ಪ್ರತಿರೋಧವೂ ಪೂರ್ತಿ ಬಲಿತಿಲ್ಲ. ಸಾಲದ್ದಕ್ಕೆ ಕರು ಹಾಕುವ ಆಸುಪಾಸಿನ ವಾರಗಳಲ್ಲಿ ಎಲ್ಲ ಹಸುಗಳಲ್ಲೂ ಪ್ರತಿರೋಧ ಸ್ವಲ್ಪ ಸಡಿಲವಾಗುತ್ತದೆ.

---

ಸೂಕ್ಷ್ಮದರ್ಶಕ

ಮೇಲಿನ ಮಾತಿಗೆ ಪ್ರಯೋಗಾಲಯದ ಕಡೆಯಿಂದ ಸೇರಿಸುತ್ತೇನೆ. ವರದಿಯ 100 ಮತ್ತು 150ರ ನಡುವಿನ ವ್ಯತ್ಯಾಸ ಎಷ್ಟು ಗೊತ್ತೇ? ಒಂದೇ ಒಂದು ಮೊಟ್ಟೆ. ಮೊಟ್ಟೆ ಎಣಿಸುವ ಮ್ಯಾಕ್‌ಮಾಸ್ಟರ್ ಗಾಜಿನಲ್ಲಿ ಸಾಮಾನ್ಯವಾಗಿ 3 ಗ್ರಾಂ ಸಗಣಿಯನ್ನು 42 ಮಿಲೀ ನೀರಿನಲ್ಲಿ ಕಲಸಿ, ಸೋಸಿ, ಉಪ್ಪಿನ ಸಂತೃಪ್ತ ದ್ರಾವಣದಲ್ಲಿ ತೇಲಿಸಿ ಎರಡು ಕೋಣೆಗಳಲ್ಲಿ ಎಣಿಸುತ್ತೇವೆ. ಕಂಡ ಪ್ರತಿ ಮೊಟ್ಟೆಗೂ 50ರಿಂದ ಗುಣಿಸಬೇಕು. ಅಂದರೆ ಎಣಿಸಿದವರು ನೋಡಿದ್ದು ಎರಡು ಅಥವಾ ಮೂರು ಮೊಟ್ಟೆ. ಅಷ್ಟರ ಮೇಲೆ "ಔಷಧಿ ಬೇಡ" ಎಂದು ತೀರ್ಮಾನ ಬರೆಯುವುದು ಸರಿಯಲ್ಲ. ಬೇಕು ಎಂದು ಬರೆಯುವುದೂ ಅಷ್ಟೇ ತಪ್ಪು.

ಬೆಳೆದ ಹಸುವಿನಲ್ಲಿ ಮೊಟ್ಟೆಯ ಲೆಕ್ಕಕ್ಕೂ ಹೊಟ್ಟೆಯ ಹುಳುವಿನ ಲೆಕ್ಕಕ್ಕೂ ನಂಟು ಬಹಳ ಸಡಿಲ. ರಕ್ತ ಹೀರುವ ಹೀಮಾಂಕಸ್‌ನ ಹೆಣ್ಣು ಹುಳು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಆಸ್ಟರ್ಟೇಜಿಯಾ ಕೆಲವು ನೂರು ಮಾತ್ರ. ಗ್ರಂಥಿಯೊಳಗೆ ಕೂತ ಲಾರ್ವಾ ಮೊಟ್ಟೆಯನ್ನೇ ಇಡುವುದಿಲ್ಲ, ಆದರೆ ಹಾನಿ ಮಾಡುವುದು ಅದೇ. ಹಸುವಿನ ಪ್ರತಿರೋಧವೂ ಹೆಣ್ಣು ಹುಳು ಮೊಟ್ಟೆ ಇಡುವುದನ್ನು ತಗ್ಗಿಸುತ್ತದೆ. ಹೆಚ್ಚು ಹಾಲಿನ ಹಸು ದಿನಕ್ಕೆ 30–40 ಕೆಜಿ ತೆಳು ಸಗಣಿ ಹಾಕುವುದರಿಂದ ಇರುವ ಮೊಟ್ಟೆಯೂ ಅದರಲ್ಲಿ ಹರಡಿಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಉಪ್ಪು ನೀರಿನಲ್ಲಿ ಲಿವರ್ ಫ್ಲೂಕ್ (ಯಕೃತ್ತಿನ ಚಪ್ಪಟೆ ಹುಳು) ಮತ್ತು ಆಂಫಿಸ್ಟೋಮ್ (ಮೊದಲ ಹೊಟ್ಟೆಯ ಚಪ್ಪಟೆ ಹುಳು) ಮೊಟ್ಟೆ ತೇಲುವುದಿಲ್ಲ, ಅವು ಭಾರ. ನಿಮಗೆ ಬಂದಿರುವುದು ತೇಲಿಸುವ ಪರೀಕ್ಷೆಯ ವರದಿ ಮಾತ್ರವಾದರೆ ಚಪ್ಪಟೆ ಹುಳುಗಳನ್ನು ಯಾರೂ ನೋಡಿಯೇ ಇಲ್ಲ. ಕೆಳಗೆ ತಂಗಿಸುವ ಪರೀಕ್ಷೆಯನ್ನು ಹೆಸರು ಹೇಳಿ ಕೇಳಿ. ಸುಮಾರು 5 ಗ್ರಾಂ ಸಗಣಿ ನೀರಿನಲ್ಲಿ ಕಲಸಿ ಸೋಸಿ, ಮೂರ್ನಾಲ್ಕು ನಿಮಿಷ ಬಿಟ್ಟು ಮೇಲಿನ ನೀರು ಚೆಲ್ಲಿ, ತಿಳಿಯಾಗುವವರೆಗೆ ಇದನ್ನೇ ಮಾಡಿ, ಕೊನೆಗೆ ಒಂದು ತೊಟ್ಟು ಮೆಥಿಲೀನ್ ಬ್ಲೂ ಹಾಕುತ್ತಾರೆ. ಹಿನ್ನೆಲೆ ನೀಲಿಯಾಗುತ್ತದೆ. ಫ್ಲೂಕ್ ಮೊಟ್ಟೆ ಹಳದಿ ಬಂಗಾರದ ಬಣ್ಣದಲ್ಲಿ ಎದ್ದು ಕಾಣುತ್ತದೆ, ಆಂಫಿಸ್ಟೋಮ್ ಮೊಟ್ಟೆಗೆ ಬಣ್ಣವಿರುವುದಿಲ್ಲ. ಇವೆರಡನ್ನು ಅದಲುಬದಲು ಮಾಡಿದ ವರದಿಗಳು ಬೇಕಾದಷ್ಟಿವೆ, ಔಷಧಿ ಬೇರೆಬೇರೆಯಾದ್ದರಿಂದ ಈ ಗೊಂದಲ ದುಬಾರಿ.

ಮಾದರಿ ತೆಗೆಯುವುದು ಹೀಗೆ: ನೆಲದ ಮೇಲಿನ ಹಳೆ ಸಗಣಿ ಬೇಡ. ಕೈಗವಸು ಹಾಕಿ ಗುದದಿಂದಲೇ ಒಂದು ಹಿಡಿ ತೆಗೆದು, ಗವಸನ್ನೇ ತಿರುಗಿಸಿ, ಗಾಳಿ ಹೊರದೂಡಿ ಗಂಟು ಹಾಕಿ. ಹಸುವಿನ ಗುರುತು, ಸೂಲು, ಕರು ಹಾಕಿದ ದಿನ ಬರೆಯಿರಿ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂಪಾಗಿಟ್ಟು 24 ಗಂಟೆಯೊಳಗೆ ತಲುಪಿಸಿ, ಫ್ರೀಜರಿಗೆ ಹಾಕಬೇಡಿ. ಬಿಸಿಲಲ್ಲಿ ಬಿಟ್ಟರೆ ಮೊಟ್ಟೆ ಒಡೆದು ಲಾರ್ವಾ ಆಗಿ, ಲೆಕ್ಕ ಸುಳ್ಳಾಗುತ್ತದೆ. ಮೊದಲ ಸೂಲಿನವು, ಹಳೆಯವು, ಬತ್ತಿಸಿದವು, ಕಡಸುಗಳು ಹೀಗೆ ಗುಂಪು ಮಾಡಿ, ಗುಂಪಿಗೆ ಎಂಟು ಹತ್ತು ಪ್ರಾಣಿ ಸಿಕ್ಕರೆ ಒಳ್ಳೆಯದು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಹುಳುವಿನ ಜಾತಿ ತಿಳಿಯಬೇಕಾದರೆ ಲಾರ್ವಾ ಕಲ್ಚರ್ (ಮೊಟ್ಟೆಯನ್ನು ಲಾರ್ವಾ ಆಗುವವರೆಗೆ ಬೆಳೆಸಿ ನೋಡುವುದು) ಕೇಳಿ, ಫಲಿತಾಂಶಕ್ಕೆ ವಾರದಿಂದ ಹತ್ತು ದಿನ ಬೇಕು.

ಯಾವುದಾದರೂ ಹಸು ಕೆಮ್ಮುತ್ತಿದೆಯೇ? ಶ್ವಾಸಕೋಶದ ಹುಳುವಿನಲ್ಲಿ ಹಾಲು ಮೆಲ್ಲಗಲ್ಲ, ದಿಢೀರನೆ ಬೀಳುತ್ತದೆ. ಅದಕ್ಕೆ ಸಗಣಿಯಿಂದ ಲಾರ್ವಾವನ್ನು ನೀರಿಗೆ ಇಳಿಸಿ ನೋಡುವ ಬೇರ್‌ಮನ್ ವಿಧಾನವೇ ಬೇಕು, ಮ್ಯಾಕ್‌ಮಾಸ್ಟರ್‌ನಲ್ಲಿ ಸಿಗುವುದಿಲ್ಲ.

---

ಕೊಟ್ಟಿಗೆ_ಲೆಕ್ಕ

ಕೆಮ್ಮು ಇಲ್ಲ. ವರದಿ ತೇಲಿಸುವ ಪರೀಕ್ಷೆಯದ್ದೇ. ಹಸಿ ಹುಲ್ಲು ಬರುವುದು ಕಾಲುವೆಯ ಅಂಚಿನ ತೇವದ ಜಾಗದಿಂದ. ಒಂದೆರಡು ಹಸುವಿನ ಹಾಲಿನಲ್ಲಿ ಫ್ಯಾಟ್ ಕೂಡ ಇಳಿದಿದೆ. ಔಷಧಿಯ ಬಗ್ಗೆ ಯಾರಾದರೂ ಹೇಳಿ, ಐವರ್ಮೆಕ್ಟಿನ್ ಚುಚ್ಚಿಸಿದರೆ ಎಲ್ಲಕ್ಕೂ ಆಗುತ್ತದೆ ಎನ್ನುತ್ತಾರೆ.

---

ತೂಕಕ್ಕೆ_ತಕ್ಕ_ಮದ್ದು

ಆಗುವುದಿಲ್ಲ. ಐವರ್ಮೆಕ್ಟಿನ್ ಚಪ್ಪಟೆ ಹುಳುವಿಗೂ ಲಾಡಿ ಹುಳುವಿಗೂ ಕೆಲಸ ಮಾಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಜನ ಕುಡಿಯುವ ಹಾಲು ಕೊಡುತ್ತಿರುವ ಹಸುವಿಗೆ ಅದನ್ನು ಚುಚ್ಚುವಂತಿಲ್ಲ. ಕೊಬ್ಬಿನಲ್ಲಿ ಕರಗುವ ಔಷಧಿ ಅದು, ವಾರಗಟ್ಟಲೆ ಹಾಲಿನ ಕೊಬ್ಬಿನ ಜೊತೆ ಬರುತ್ತಲೇ ಇರುತ್ತದೆ. ಹಾಲು ಕಾಯಿಸಿದರೆ ಹೋಗುವುದಿಲ್ಲ.

ಕರೆಯುವ ಹಸುವಿಗೆ ದುಂಡು ಹುಳುವಿನ ವಿರುದ್ಧ ಇರುವ ದಾರಿಗಳಲ್ಲಿ ಎಪ್ರಿನೊಮೆಕ್ಟಿನ್ ಬೆನ್ನಿನ ಮೇಲೆ ಸುರಿಯುವ ಔಷಧಿ ಮುಂಚೂಣಿಯಲ್ಲಿದೆ. ಅದು ಹಾಲಿಗೆ ಬಹಳ ಕಡಿಮೆ ಹೋಗುವುದರಿಂದ ಹಲವು ದೇಶಗಳಲ್ಲಿ ಹಾಲು ತಡೆಹಿಡಿಯುವ ಅವಧಿ ಸೊನ್ನೆ. ಪ್ರಮಾಣ ಕೆಜಿ ತೂಕಕ್ಕೆ 0.5 ಮಿಗ್ರಾಂ, ಅಂದರೆ ಮಿಲೀಗೆ 5 ಮಿಗ್ರಾಂ ಇರುವ ದ್ರಾವಣದಲ್ಲಿ 10 ಕೆಜಿಗೆ 1 ಮಿಲೀ. ಹೆಗಲಿನಿಂದ ಬಾಲದ ಬುಡದವರೆಗೆ ನಡುಬೆನ್ನಿನ ಗೆರೆಯುದ್ದಕ್ಕೂ ಹಾಕಬೇಕು. ಸಗಣಿ, ಕೆಸರು, ಹಕ್ಕಳೆ ಇರುವ ಚರ್ಮದ ಮೇಲೆ ಸುರಿದರೆ ಒಳಗಿಳಿಯುವುದಿಲ್ಲ. ಒಂದನ್ನೊಂದು ನೆಕ್ಕುವ ಹಸುಗಳಲ್ಲಿ ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಆಗುತ್ತದೆ.

ಬಾಯಿಗೆ ಹಾಕುವುದಾದರೆ ಫೆನ್‌ಬೆಂಡಜೋಲ್, ಕೆಜಿಗೆ 5 ಮಿಗ್ರಾಂ. 400 ಕೆಜಿ ಹಸುವಿಗೆ 2,000 ಮಿಗ್ರಾಂ ಆಯಿತು. ಬಾಟಲಿ 10% ಆದರೆ 20 ಮಿಲೀ, 2.5% ಆದರೆ 80 ಮಿಲೀ. "ದೊಡ್ಡ ಹಸುವಿಗೆ ಒಂದು ಬಾಟಲಿ" ಎಂಬ ಲೆಕ್ಕ ಇಲ್ಲೇ ಕೆಡುವುದು. ಆಲ್ಬೆಂಡಜೋಲ್ ದುಂಡು ಹುಳುವಿಗೆ 7.5 ಮಿಗ್ರಾಂ, ಬೆಳೆದ ಫ್ಲೂಕ್‌ಗೆ 10 ಮಿಗ್ರಾಂ. ಗಬ್ಬದ ಮೊದಲ 45 ದಿನ ಅದನ್ನು ಕೊಡಬೇಡಿ, ಭ್ರೂಣಕ್ಕೆ ಅಪಾಯ. ಕರೆಯುವ ಹಸುವಿಗೆ ಇವೆರಡಕ್ಕೂ ಅನುಮತಿ ಇದೆಯೇ, ಎಷ್ಟು ದಿನ ಹಾಲು ಬಿಡಬೇಕು ಎಂಬುದು ದೇಶದಿಂದ ದೇಶಕ್ಕೆ, ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ. ಕೈಯಲ್ಲಿರುವ ಬಾಟಲಿಯ ಲೇಬಲ್ ಮತ್ತು ನಿಮ್ಮ ಪಶುವೈದ್ಯರ ಮಾತೇ ಕೊನೆ.

ಕಾಲುವೆ ಅಂಚಿನ ಹುಲ್ಲು ಎಂದಾಗ ನನಗೆ ಫ್ಲೂಕ್ ಮೇಲೆಯೇ ಅನುಮಾನ. ಆದರೆ ಅವಧಿ ಗಮನಿಸಿ. ಹುಲ್ಲಿನ ಮೇಲಿನ ಸಿಸ್ಟ್ (ಚಿಪ್ಪು ಕಟ್ಟಿಕೊಂಡ ಫ್ಲೂಕ್ ಮರಿ) ಹೊಟ್ಟೆ ಸೇರಿದ ಮೇಲೆ ಮರಿ ಹುಳು ವಾರಗಟ್ಟಲೆ ಯಕೃತ್ತನ್ನು ಕೊರೆದುಕೊಂಡು ಹೋಗಿ ಪಿತ್ತನಾಳ ಸೇರುತ್ತದೆ. ಸಗಣಿಯಲ್ಲಿ ಮೊಟ್ಟೆ ಕಾಣಲು 10–12 ವಾರ ಬೇಕು, ಬಿಸಿ ಪ್ರದೇಶದ ಫ್ಯಾಸಿಯೋಲಾ ಜೈಗ್ಯಾಂಟಿಕಾ ಆದರೆ ಇನ್ನೂ ತಡ. ಈಗ ಮೊಟ್ಟೆ ಸಿಗಲಿಲ್ಲ ಎಂದರೆ ಫ್ಲೂಕ್ ಇಲ್ಲ ಎಂದಾಗುವುದಿಲ್ಲ. ಆಕ್ಸಿಕ್ಲೋಜನೈಡ್, ಕೆಜಿಗೆ 10–15 ಮಿಗ್ರಾಂ, ಬೆಳೆದ ಫ್ಲೂಕ್ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಆಂಫಿಸ್ಟೋಮ್‌ಗೂ ಅದೇ ಮದ್ದು. ಮರಿ ಫ್ಲೂಕ್ ಕೊಲ್ಲುವುದು ಟ್ರೈಕ್ಲಾಬೆಂಡಜೋಲ್, ಕೆಜಿಗೆ 12 ಮಿಗ್ರಾಂ. ಆದರೆ ಹಾಲಿನಲ್ಲಿ ಅದರ ಶೇಷ ಬಹಳ ದಿನ ಉಳಿಯುವುದರಿಂದ ಕರೆಯುವ ಹಸುವಿಗೆ ಬೇಡ. ಬತ್ತಿಸಿದ ಕೂಡಲೇ, ಕರು ಹಾಕಲು ಲೇಬಲ್ ಹೇಳುವಷ್ಟು ದಿನ ಬಾಕಿ ಇದ್ದರೆ ಮಾತ್ರ ಹಾಕಿಸಿ.

ತೂಕ ಕಣ್ಣಂದಾಜಿನಲ್ಲಿ ಬೇಡ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ತೆಗೆದು ಅದರ ವರ್ಗ ಮಾಡಿ, ಭುಜದ ತುದಿಯಿಂದ ಪಿರ್ರೆಯ ಮೂಳೆಯವರೆಗಿನ ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಸುತ್ತಳತೆ 170, ಉದ್ದ 140 ಆದರೆ ಸುಮಾರು 373 ಕೆಜಿ. ಎಚ್‌ಎಫ್ ಮತ್ತು ಜೆರ್ಸಿ ಒಟ್ಟಿಗಿರುವ ಕೊಟ್ಟಿಗೆಯಲ್ಲಿ ಒಂದೇ ಅಳತೆ ಎಲ್ಲಕ್ಕೂ ಹಾಕಿದರೆ ಎಚ್‌ಎಫ್‌ಗೆ ಕಡಿಮೆಯಾಗುತ್ತದೆ. ಅರ್ಧಮರ್ಧ ಮದ್ದಿಗೆ ಬದುಕುಳಿದ ಹುಳುವೇ ಮುಂದಿನ ಪೀಳಿಗೆ ಹುಟ್ಟಿಸುವುದು.

ಕುಡಿಸುವಾಗ ಬಾಟಲಿ ಚೆನ್ನಾಗಿ ಕುಲುಕಿ, ಪುಡಿ ತಳದಲ್ಲಿ ಕೂತಿರುತ್ತದೆ. ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗದಂತೆ ಹಿಡಿಯಿರಿ, ನಾಲಿಗೆ ಎಳೆಯಬೇಡಿ, ಬಾಯಿಯ ಪಕ್ಕದ ಹಲ್ಲಿಲ್ಲದ ಜಾಗದಿಂದ ನಿಧಾನಕ್ಕೆ ಬಿಡಿ. ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಿ. ಶ್ವಾಸನಾಳಕ್ಕೆ ಹೋದ ಮದ್ದಿನಿಂದ ಬರುವ ನ್ಯುಮೋನಿಯಾ ಹುಳುವಿಗಿಂತ ಬೇಗ ಹಸುವನ್ನು ತೆಗೆದುಕೊಂಡು ಹೋಗುತ್ತದೆ. ಹಿಂಡಿಗೆ ಬೆರೆಸುವುದೂ ಒಳ್ಳೆಯದಲ್ಲ, ಮದ್ದು ಹೆಚ್ಚು ಬೇಕಾದ ಬಡಕಲು ಹಸುವೇ ಕಡಿಮೆ ತಿನ್ನುತ್ತದೆ.

---

ಹಸಿರುಗೋದಲಿ

ಇಷ್ಟೆಲ್ಲ ಪರೀಕ್ಷೆ ಏಕೆ? ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಹಾಕಿ, ಪ್ರತಿ ಸಲ ಔಷಧಿ ಬದಲಿಸಿದರೆ ಮುಗಿಯಿತಲ್ಲ.

---

ನಾಲ್ಕನೇಹೊಟ್ಟೆ

ಆ ಪದ್ಧತಿ ಹುಟ್ಟಿದ್ದು ಬೆಳೆಯುವ ಕರು, ಕಡಸುಗಳಿಗಾಗಿ. ಅವಕ್ಕೆ ಪ್ರತಿರೋಧ ಇಲ್ಲ. ನಾಲ್ಕನೇ ಸೂಲಿನ, ಮೈ ತುಂಬಿದ ಹಸುವಿಗೆ ಅದೇ ಪಟ್ಟಿ ಹಚ್ಚಿದರೆ ಲಾಭ ಕಡಿಮೆ, ನಷ್ಟ ಹೆಚ್ಚು. ಬಯಲಿನಲ್ಲಿ ಔಷಧಿ ಸೋಕದ ಹುಳುಗಳ ಒಂದು ಪಾಲು ಉಳಿದಿರಬೇಕು, ಆಗ ನಿರೋಧಕ ಹುಳುಗಳು ಅವುಗಳ ಜೊತೆ ಬೆರೆತು ಪ್ರಮಾಣ ತಗ್ಗುತ್ತದೆ. ಎಲ್ಲ ಪ್ರಾಣಿಗೂ ಒಂದೇ ದಿನ ಹಾಕಿ ಅದೇ ದಿನ ಹೊಸ ಹುಲ್ಲಿಗೆ ಬಿಟ್ಟರೆ, ಆ ಹುಲ್ಲಿಗೆ ಬೀಳುವುದು ನಿರೋಧಕ ಹುಳುವಿನ ಮೊಟ್ಟೆ ಮಾತ್ರ. ಹೆಸರು ಬದಲಿಸುವುದರಿಂದಲೂ ಉಪಯೋಗವಿಲ್ಲ: ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ಹಿಡಿದರೆ ಅದು ಒಂದೇ ಗುಂಪು. ದನಗಳ ಕೂಪೀರಿಯಾ ಹುಳು ಐವರ್ಮೆಕ್ಟಿನ್‌ಗೆ ಬಗ್ಗದಿರುವುದು ಹಲವು ದೇಶಗಳಲ್ಲಿ ದಾಖಲಾಗಿದೆ.

ಈ ಮಂದೆಯಲ್ಲಿ ನಾನು ಆರಿಸುವುದು ಮೊದಲ ಸೂಲಿನ ಎಚ್‌ಎಫ್‌ಗಳು, ಕರು ಹಾಕಿ ಮೊದಲ ಮೂರು ತಿಂಗಳಲ್ಲಿರುವ ಹಸುಗಳಲ್ಲಿ ಮೈ ಇಳಿದವು, ಮತ್ತು ಬತ್ತಿಸುವ ಹಂತದವು. ಹಾಲೂ ಮೈಯೂ ಸರಿಯಾಗಿರುವ ಹಸುಗಳನ್ನು ಬಿಟ್ಟುಬಿಡಿ. ಕೆಳರೆಪ್ಪೆ ಬಿಳಿಚಿದ್ದರೆ, ದವಡೆಯ ಕೆಳಗೆ ನೀರು ತುಂಬಿದ್ದರೆ ಅದು ಹೀಮಾಂಕಸ್ ಅಥವಾ ಫ್ಲೂಕ್‌ನ ಲಕ್ಷಣ, ಅಂಥದಕ್ಕೆ ಪರೀಕ್ಷೆಯ ಫಲಿತಾಂಶ ಕಾಯಬೇಡಿ. ಬಿಳಿಚಿಕೊಂಡ ಹಸುವಿನಲ್ಲಿ ಉಣ್ಣೆ ಹುಳುವಿನಿಂದ ಬರುವ ರಕ್ತದ ಪರಾವಲಂಬಿಗಳಾದ ಥೈಲೀರಿಯಾ, ಬೆಬಿಸಿಯಾಕ್ಕೂ ರಕ್ತ ನೋಡಿಸಿ.

---

ಬಯಲಹುಲ್ಲು

ಮದ್ದು ಹಾಕಿ ಅದೇ ಹುಲ್ಲು ತಂದು ಹಾಕಿದರೆ ಮೂರು ವಾರದಲ್ಲಿ ಮತ್ತೆ ಮೊಟ್ಟೆ ಶುರು. ದುಂಡು ಹುಳುವಿನ ಮೊಟ್ಟೆ ಬೆಚ್ಚಗೆ ತೇವ ಇದ್ದರೆ ಒಂದೆರಡು ವಾರದಲ್ಲಿ ಸೋಂಕು ತರುವ ಲಾರ್ವಾ ಆಗುತ್ತದೆ. ಸಗಣಿ ಒಣಗಿದಂತೆ ಕಂಡರೂ ಒಳಗೆ ಬದುಕಿದ್ದು, ಒಂದು ಒಳ್ಳೆ ಮಳೆಗೆ ಹೊರಬರುತ್ತದೆ. ಹೆಚ್ಚಿನ ಲಾರ್ವಾ ಹುಲ್ಲಿನ ಬುಡದ 5 ಸೆಂಮೀ ಒಳಗೇ ಇರುವುದರಿಂದ ಬುಡ ಕಾಣುವಂತೆ ಮೇಯಿಸಬೇಡಿ, 8–10 ಸೆಂಮೀ ಉಳಿದಾಗ ಜಾಗ ಬದಲಿಸಿ. ಹಸು ತಾನಾಗಿಯೇ ಸಗಣಿ ಸುತ್ತಲಿನ ಹುಲ್ಲು ಬಿಡುತ್ತದೆ, ಜಾಗ ಸಾಲದಾದಾಗ ಮಾತ್ರ ಅದನ್ನೂ ತಿನ್ನುತ್ತದೆ.

ಕಾಲುವೆಯಂಚಿನ ಹುಲ್ಲೇ ಇಲ್ಲಿ ದೊಡ್ಡ ತೊಂದರೆ. ಬಸವನಹುಳುವಿನಿಂದ ಹೊರಬಂದ ಫ್ಲೂಕ್ ಮರಿಗಳು ನೀರಿನ ಮಟ್ಟದಲ್ಲಿ ಕಾಂಡಕ್ಕೆ ಅಂಟಿ ಸಿಸ್ಟ್ ಆಗುತ್ತವೆ. ಕೊಯ್ಯುವಾಗ ನೀರು ಮುಟ್ಟಿದ ಭಾಗ ಬಿಟ್ಟು ಮೇಲಿನದನ್ನು ಮಾತ್ರ ಕೊಯ್ಯಿರಿ. ಸಾಧ್ಯವಾದರೆ ಆ ಜಾಗದ ಹುಲ್ಲನ್ನು ಹಸಿಯಾಗಿ ಹಾಕುವುದನ್ನೇ ನಿಲ್ಲಿಸಿ ಸೈಲೇಜ್ ಮಾಡಿ, ಚೆನ್ನಾಗಿ ಹುಳಿ ಬಂದ ಸೈಲೇಜಿನಲ್ಲಿ ಸಿಸ್ಟ್ ಉಳಿಯುವುದಿಲ್ಲ. ಕಾರಕಾರ ಒಣಗಿದ ಹುಲ್ಲೂ ಸರಿ, ಆದರೆ ಅರೆತೇವದಲ್ಲಿ ಬಣವೆ ಹಾಕಿದರೆ ತಿಂಗಳುಗಟ್ಟಲೆ ಬದುಕಿರುತ್ತವೆ. ನೀರಿನ ತೊಟ್ಟಿಯ ಸೋರಿಕೆ ನೋಡಿ, ಸುತ್ತ ನಿಂತ ಕೆಸರೇ ಬಸವನಹುಳುವಿಗೆ ಮನೆ. ತಾಜಾ ಸಗಣಿ, ಗಂಜಲ ತೊಳೆದ ನೀರನ್ನು ಮೇವಿನ ಹೊಲಕ್ಕೆ ನೇರ ಹರಿಸಬೇಡಿ. ರಾಶಿ ಹಾಕಿ, ಒಳಗಿನ ಬಿಸಿ 55 ಡಿಗ್ರಿ ದಾಟುವಂತೆ ಮಗುಚಿ, ಕಳಿತ ಮೇಲೆ ಹಾಕಿ.

ಕಡಸುಗಳನ್ನು ಮರೆಯಬೇಡಿ. ಹಾಲಿನ ನಷ್ಟ ಅಲ್ಲಿಂದಲೇ ಶುರುವಾಗುತ್ತದೆ: ಹುಳುವಿನಿಂದ ಬೆಳವಣಿಗೆ ಕುಂಠಿತವಾದ ಕಡಸು, ಬೆಳೆದ ಹಸುವಿನ ತೂಕದ 55–60% ಮುಟ್ಟುವುದು ತಡ, ಗಬ್ಬ ತಡ, ಮೊದಲ ಸೂಲು ತಡ. ಅವನ್ನು ದೊಡ್ಡ ಹಸುಗಳು ಮೇಯ್ದುಬಿಟ್ಟ ಜಾಗಕ್ಕೆ ಬಿಡುವ ಬದಲು ಮೊದಲು ಅವನ್ನೇ ಬಿಡಿ.

---

ಕೊಟ್ಟಿಗೆ_ಲೆಕ್ಕ

ಹಾಗಾದರೆ ಇವತ್ತೇ ಮೊದಲ ಸೂಲಿನವಕ್ಕೆಲ್ಲ ಮದ್ದು ಹಾಕಿಸಿ, ಎರಡು ವಾರ ಬಿಟ್ಟು ಸಗಣಿ ಕಳಿಸಲೇ?

---

ಸೂಕ್ಷ್ಮದರ್ಶಕ

ಇವತ್ತೇ ಮದ್ದು ಹಾಕಿದರೂ ಸರಿ, ಹಾಕುವ ಮೊದಲು ಸಗಣಿ ತೆಗೆದಿಡಿ. ಅದೇ ಹಸುಗಳಿಂದ 14 ದಿನದ ನಂತರ ಮತ್ತೆ ತೆಗೆಯಿರಿ. ಮೊಟ್ಟೆ 95%ಗಿಂತ ಕಡಿಮೆ ಇಳಿದಿದ್ದರೆ ಪ್ರಮಾಣ ತಪ್ಪಿದೆ ಅಥವಾ ಹುಳು ಆ ಗುಂಪಿನ ಔಷಧಿಗೆ ಬಗ್ಗುತ್ತಿಲ್ಲ. ಆದರೆ ಮೊದಲ ಎಣಿಕೆಯಲ್ಲೇ ಎರಡು ಮೂರು ಮೊಟ್ಟೆ ಕಂಡಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಇನ್ನೂ ಸೂಕ್ಷ್ಮವಾದ ಮಿನಿ ಫ್ಲೋಟ್ಯಾಕ್ ಇದ್ದರೆ ಅದರಲ್ಲಿ ಮಾಡಿಸಿ, ಅಲ್ಲಿ ಒಂದು ಮೊಟ್ಟೆಗೆ ಗುಣಕ 5. ಅದಿಲ್ಲದಿದ್ದರೆ ಮದ್ದಿನ ಪರೀಕ್ಷೆಯನ್ನು ಕಡಸುಗಳ ಮೇಲೆ ಮಾಡಿ, ಅವುಗಳಲ್ಲಿ ಮೊಟ್ಟೆ ಸಾಕಷ್ಟು ಸಿಗುತ್ತದೆ.

ಹಾಲಿನ ಲಾಭ ತಿಳಿಯಲು ಮುಂಚೆ ಎಷ್ಟು, ಆಮೇಲೆ ಎಷ್ಟು ಎಂದು ಹೋಲಿಸಬೇಡಿ, ಅಷ್ಟರಲ್ಲಿ ಹವೆ, ಮೇವು, ಸೂಲಿನ ಹಂತ ಎಲ್ಲ ಬದಲಾಗಿರುತ್ತದೆ. ಒಂದೇ ಹಂತದಲ್ಲಿರುವ ಮೊದಲ ಸೂಲಿನ ಹಸುಗಳಲ್ಲಿ ಮೈಕಟ್ಟು ಚೆನ್ನಾಗಿರುವ ಕೆಲವನ್ನು ಮದ್ದಿಲ್ಲದೆ ಬಿಟ್ಟು, ಎರಡೂ ಗುಂಪಿನ ಹಾಲನ್ನು ನಾಲ್ಕು ವಾರ ತೂಗಿ ಬರೆಯಿರಿ. ಗಾಯಗೊಂಡ ಹೊಟ್ಟೆಯ ಗ್ರಂಥಿ ಮಾಯಲು ಸಮಯ ಬೇಕು, ಎರಡು ಮೂರು ವಾರ ಕಳೆಯದೆ ವ್ಯತ್ಯಾಸ ತೂಕದಲ್ಲಿ ಸರಿಯಾಗಿ ಕಾಣುವುದಿಲ್ಲ. ಫ್ಲೂಕ್‌ಗಾಗಿ ತಂಗಿಸುವ ಪರೀಕ್ಷೆಯನ್ನು ಈಗೊಮ್ಮೆ ಮಾಡಿಸಿ, ಏನೂ ಸಿಗದಿದ್ದರೆ ಮಳೆ ಹಿಡಿದ ದಿನದಿಂದ ನಾಲ್ಕು ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸಿ.